ಬಂಡೆಯ ಸಂದಿನ ಬೂದು ಹಕ್ಕಿ

ಹಕ್ಕಿ ಸಾಕಬೇಕು ಅನ್ನುವವರ ಬಾಯಲ್ಲಿ ಮೊದಲು ಬರುವುದು ಗಿಳಿ. ಅದು ಆಗದ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ನಾಡಿನ ಗಿಳಿಯನ್ನು ಹಿಡಿದು ಪಂಜರಕ್ಕೆ ಹಾಕುವುದು ಅಪರಾಧ. ಬಾದಾಮಿಯವರಿಗಂತೂ ಗಿಳಿಯ ಹಂಗೇಕೆ? ಅಗಸ್ತ್ಯ ತೀರ್ಥದ ದಂಡೆಯಲ್ಲಿ ನಿಂತು ಕತ್ತೆತ್ತಿ ನೋಡಿ. ಕೆಂಪು ಬಂಡೆಯ ಸಂದುಗಳಲ್ಲಿ ಗುಟುರು ಹಾಕುತ್ತ ಕೂತ ಬೂದು ಪಾರಿವಾಳದ ಕುಲದಿಂದಲೇ ಲೋಕದ ಸಾಕು ಪಾರಿವಾಳಗಳೆಲ್ಲ ಬಂದಿರುವುದು.

ಹಾಗೆಂದು ಪಟ್ಟು ಹಿಡಿದು ವಾದಿಸಿದವನು ಡಾರ್ವಿನ್. ತಾನೇ ಪಾರಿವಾಳ ಸಾಕಿದ್ದ. ಬೀಸಣಿಗೆ ಬಾಲದ ಅಚ್ಚ ಬಿಳಿ ಲಕ್ಕಾ ತಳಿಗೆ ಅಚ್ಚ ಕರಿ ಬಾರ್ಬ್ ತಳಿಯ ಜೋಡಿ ಕಟ್ಟಿದ. ಮರಿಗಳು ಕಂದು-ಕಪ್ಪು ಮಚ್ಚೆಯವಾದವು. ಅವುಗಳಲ್ಲೇ ಮತ್ತೆ ಜೋಡಿ ಮಾಡಿದಾಗ ಹುಟ್ಟಿದ ಒಂದು ಮೊಮ್ಮಗು ಚೆಂದದ ನೀಲಿಬೂದು, ರೆಕ್ಕೆಯ ಮೇಲೆ ಎರಡು ಕರಿಪಟ್ಟೆ, ಥೇಟ್ ಬಂಡೆಯ ಕಾಡು ಪಾರಿವಾಳದಂತೆ! 1859ರ ಪುಸ್ತಕದಲ್ಲಿ ಇದನ್ನೆಲ್ಲ ಬರೆದಿದ್ದಾನೆ. ಕಾಡಿನವುಗಳಲ್ಲೂ ಒಂದು ವ್ಯತ್ಯಾಸ ಉಂಟು: ಯುರೋಪಿನ ಕಾಡು ಪಾರಿವಾಳಕ್ಕೆ ಬಾಲದ ಬುಡ ಬಿಳಿ, ನಮ್ಮದಕ್ಕೆ ಅದೂ ಬೂದು.

ನನ್ನನ್ನು ಕೇಳಿದರೆ, ಲಕ್ಕಾ ನೋಡಲು ಚೆಂದ, ಹಾರಲು ದಂಡ. ಮುಗಿಲಿಗೇರುವ ಗಿರೇಬಾಜ್ ತಳಿಯೇ ಸೈ.

ಸಾಕಣೆಯ ನಿಜವಾದ ಸೊಗಸು ಇರುವುದು ಗೂಡಿನಲ್ಲಿ. ಹೆಣ್ಣು ಎರಡೇ ಮೊಟ್ಟೆ ಇಡುತ್ತದೆ. ಸಂಜೆಯಿಂದ ಬೆಳಗಿನವರೆಗೆ ಕಾವು ಅದರದು, ನಡು ಹಗಲಿನ ಪಾಳಿ ಗಂಡಿನದು. ಸುಮಾರು ಹದಿನೆಂಟು ದಿನಕ್ಕೆ ಮರಿ ಹೊರಬರುತ್ತದೆ: ಕಣ್ಣು ತೆರೆದಿರುವುದಿಲ್ಲ, ಮೈಮೇಲೆ ಹಳದಿ ನೂಲಿನಂಥ ತುಪ್ಪುಳು. ಅಷ್ಟರೊಳಗೆ ತಂದೆ-ತಾಯಿ ಇಬ್ಬರ ಗಂಟಲ ಚೀಲದಲ್ಲೂ ಗಿಣ್ಣಿನಂಥ ಹಾಲು ಕೂಡಿರುತ್ತದೆ. ಮರಿ ದೊಡ್ಡವರ ಬಾಯೊಳಗೆ ಕೊಕ್ಕಿಟ್ಟು ಅದನ್ನು ಕುಡಿಯುತ್ತದೆ. ಮೊದಲ ಕೆಲವು ದಿನ ಕಾಳಿನ ಹಂಗೇ ಇಲ್ಲ. ಗಂಡೂ ಹಾಲೂಡುವ ಹಕ್ಕಿಗಳು ಬಲು ವಿರಳ. ಈ ಹೊತ್ತಿನಲ್ಲಿ ಗೂಡಿಗೆ ಕೈ ಹಾಕಿ ಗಾಬರಿಪಡಿಸಬೇಡಿ.

ಮೇವಿಗೆ ನಮ್ಮ ಜೋಳ, ಸಜ್ಜೆ, ಒಂದಿಷ್ಟು ಕಡಲೆ ಸಾಕು. ಕಾಳು ಅರೆಯಲು ಸಣ್ಣ ಹರಳು ಬೇಕೇ ಬೇಕು, ಹಲ್ಲಿಲ್ಲದ ಜೀವ. ಗೂಡು ಗುಡಿಸುವಾಗ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಹಿಕ್ಕೆಯ ಧೂಳು ಎದೆಗೆ ಕೆಟ್ಟದ್ದು. ಕೊಂಡು ತಂದ ಜೋಡಿಯನ್ನು ಕೂಡಲೇ ಹಾರಬಿಟ್ಟರೆ ಹಳೆಯ ಮನೆಗೇ ಹೋದೀತು. ನಿಮ್ಮ ಗೂಡಿನಲ್ಲಿ ಮರಿ ಮಾಡುವ ತನಕ ತಡೆಯಿರಿ.

ಇನ್ನೊಂದು ಮಾತು. ಬಂಡೆಯ ಸಂದಿಗೆ ಹತ್ತಿ ಮರಿ ಇಳಿಸುವ ಹುಡುಗರಿದ್ದರೆ ತಡೆಯಿರಿ. ಸಾಕುವುದಾದರೆ ಮನೆಯಲ್ಲಿ ಹುಟ್ಟಿದ ಜೋಡಿಯನ್ನೇ ತನ್ನಿ.