ಗರಗರನೆ ತಿರುಗಿದರೆ ಸಾಕೆ?

ರೀಲಿಗೆ ಯಾವ ಎಣ್ಣೆ ಒಳ್ಳೆಯದು ಎಂದು ಗಾಳ ಹಾಕುವವರನ್ನು ಕೇಳಿ ನೋಡಿ. ಉತ್ತರವನ್ನು ಬಾಯಲ್ಲಿ ಹೇಳುವವರು ಕಡಿಮೆ. ಹ್ಯಾಂಡಲನ್ನು ಒಮ್ಮೆ ಬೆರಳಿನಿಂದ ತಟ್ಟಿ ಬಿಡುತ್ತಾರೆ. ಅದು ತಿರುಗಿ ತಿರುಗಿ ನಿಲ್ಲುವವರೆಗೆ ನೀವೂ ನೋಡುತ್ತ ನಿಲ್ಲಬೇಕು. ಹೆಚ್ಚು ಹೊತ್ತು ತಿರುಗಿಸಿದ ಎಣ್ಣೆ ಗೆದ್ದಿತು. ಬೇರಿಂಗನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಪೆನ್ಸಿಲ್ ತುದಿಗೆ ಸಿಕ್ಕಿಸಿ ಊದಿ ತಿರುಗಿಸುವ ವಿಡಿಯೋಗಳಂತೂ ಲೆಕ್ಕವಿಲ್ಲದಷ್ಟಿವೆ. ಹೆಬ್ಬೆರಳಿನಷ್ಟು ಸೀಸೆಯಲ್ಲಿ ದುಬಾರಿ ಬೆಲೆಗೆ ಮಾರುವ ‘ವೇಗದ ಎಣ್ಣೆ’ಗಳು ಬದುಕಿರುವುದು ಈ ಪರೀಕ್ಷೆಯ ಮೇಲೆಯೇ.

ಆದರೆ ಎಣ್ಣೆಯನ್ನೇ ಹಾಕದೆ ತೊಳೆದು ಒಣಗಿಸಿದ ಬೇರಿಂಗ್ ಇದೇ ಪರೀಕ್ಷೆಯಲ್ಲಿ ಎಲ್ಲ ಎಣ್ಣೆಗಳನ್ನೂ ಸೋಲಿಸುತ್ತದೆ. ಕಿರ್ರೆನ್ನುತ್ತದೆ, ಸವೆಯುತ್ತದೆ, ಆದರೆ ತಿರುಗುತ್ತಲೇ ಇರುತ್ತದೆ. ಎಣ್ಣೆಯ ಗುಣ ಅಳೆಯುತ್ತೇನೆಂದು ಹೊರಟ ಪರೀಕ್ಷೆ ಕೊನೆಗೆ ಎಣ್ಣೆಯೇ ಬೇಡವೆಂದು ತೀರ್ಪು ಕೊಟ್ಟರೆ ಅದನ್ನು ಏನೆನ್ನಬೇಕು?

ಕಾರಣ ಸರಳ. ಹೊರೆಯಿಲ್ಲದೆ ತಿರುಗುವ ಸಣ್ಣ ಬೇರಿಂಗಿನಲ್ಲಿ ಲೋಹ ಲೋಹಕ್ಕೆ ಉಜ್ಜುವುದಕ್ಕಿಂತ ಎಣ್ಣೆಯೇ ಹೆಚ್ಚು ತಡೆ ಒಡ್ಡುತ್ತದೆ. ಇನ್ನೊಂದು ಕೊನೆಯಲ್ಲಿ, ಮೀನು ಎಳೆಯುವಾಗ ಗೇರಿನ ಹಲ್ಲುಗಳು ನಿಧಾನವಾಗಿ, ಭಾರಿ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಅಲ್ಲಿ ತೆಳು ಎಣ್ಣೆ ಹಿಂಡಿಹೋಗಿ ಹಲ್ಲು ಬರಿಮೈಯಾಗುತ್ತದೆ. ವೇಗ, ಹೊರೆ, ಎಣ್ಣೆಯ ಮಂದತನ ಈ ಮೂರರ ಲೆಕ್ಕವನ್ನು ಜರ್ಮನಿಯ ಎಂಜಿನಿಯರ್ ಸ್ಟ್ರೈಬೆಕ್ 1902ರಲ್ಲೇ ರೇಖೆಯಾಗಿ ಎಳೆದು ತೋರಿಸಿದ್ದ. ಒಂದೇ ರೀಲಿನೊಳಗೆ ಆ ರೇಖೆಯ ಎರಡೂ ಕೊನೆಗಳಿವೆ. ಆದ್ದರಿಂದ ‘ರೀಲಿನ ಎಣ್ಣೆ’ ಎಂಬ ಒಂದೇ ಸೀಸೆಯ ಕಲ್ಪನೆಯಲ್ಲೇ ತಪ್ಪಿದೆ.

ತೆಳು ಎಣ್ಣೆಗೆ ಅದರದೇ ಗೌರವದ ಜಾಗವಿದೆ. ಸ್ಪೂಲ್ ಅಲುಗದೆ ದಾರ ಮಾತ್ರ ಸುರುಳಿಯಾಗಿ ಹೊರಬರುವ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದ ಇಲ್ಲಿಂಗ್‌ವರ್ತ್ ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಯವನು. ಗಿರಣಿಯ ನೂಲಿನ ಉರುಳೆಯಿಂದ ನೂಲು ಬಿಚ್ಚಿಕೊಳ್ಳುವುದನ್ನು ಕಂಡೇ ಅವನಿಗೆ ಇದು ಹೊಳೆಯಿತೆನ್ನುತ್ತಾರೆ. ಗಿರಣಿಯ ಕದಿರುಗಳಿಗೆ ಹಾಕುತ್ತಿದ್ದ ನೀರಿನಂಥ ಎಣ್ಣೆಯ ಹತ್ತಿರದ ಬಂಧುವೇ ಇಂದಿನ ಹೊಲಿಗೆ ಯಂತ್ರದ ಎಣ್ಣೆ. ಸ್ವೀಡನ್ನಿನ ಸ್ವಾಂಗ್‌ಸ್ಟಾದಲ್ಲಿ 1921ರಲ್ಲಿ ಗಡಿಯಾರದ ಕಾರ್ಖಾನೆಯಾಗಿ ಶುರುವಾದ ಅಬು ಕಂಪನಿ 1950ರ ದಶಕದಲ್ಲಿ ಅಂಬಾಸಡರ್ ರೀಲನ್ನು ಹೊರತಂದಿತು. ಈ ಬಗೆಯ ರೀಲಿನಲ್ಲಿ ಗಾಳ ಬೀಸಿದಾಗ ಸ್ಪೂಲೇ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಅದರ ಎರಡು ಬದಿಯ ಬೇರಿಂಗಿಗೆ ಒಂದೊಂದು ಹನಿ ತೆಳು ಎಣ್ಣೆ ಬಿಟ್ಟರೆ ಹಗುರ ಗಾಳವೂ ದೂರ ಹೋಗುತ್ತದೆ, ಇದು ಸುಳ್ಳಲ್ಲ. ಹನಿ ಎರಡಾದರೆ ಮಾತ್ರ ಎಣ್ಣೆ ಸಿಡಿದು ಬ್ರೇಕಿನ ಅಂಚಿಗೆ ಅಂಟುತ್ತದೆ. ಬ್ರೇಕ್ ಜಾರಿತು, ಸ್ಪೂಲ್ ದಾರಕ್ಕಿಂತ ಮುಂದೆ ಓಡಿತು, ತಂಗೂಸೆಲ್ಲ ಹಕ್ಕಿಗೂಡು.

ತಕರಾರು ಏಳುವುದು ಈ ತೆಳು ಎಣ್ಣೆಯ ರೂಢಿಯನ್ನು ಹಾಗೆಯೇ ಎತ್ತಿ ತಂದು ನಮ್ಮ ಕರಾವಳಿಯಲ್ಲಿ ಇಳಿಸಿದಾಗ. ಅಮೆರಿಕದ ಸಿಹಿನೀರಿನ ಕೆರೆಗಳಲ್ಲಿ ಬಾಸ್ ಮೀನಿಗೆ ದಿನವಿಡೀ ಗಾಳ ಬೀಸುವವರಿಗೆ ಹತ್ತಡಿ ಹೆಚ್ಚು ದೂರ ಎಂಬುದು ದೊಡ್ಡ ಮಾತು. ಮಲ್ಪೆಯ ಕಲ್ಲುದಂಡೆಯ ಮೇಲೋ ಕಾಳಿ, ಶರಾವತಿಗಳ ಅಳಿವೆಯಲ್ಲೋ ನಿಂತವನ ರೀಲು ಹಾಳಾಗುವುದು ನಿಧಾನವಾಗಿ ತಿರುಗಿದ್ದರಿಂದಲ್ಲ, ಉಪ್ಪಿನಿಂದ. ಬೇರಿಂಗುಗಳಿಗೆ ಬಳಸುವ 440ಸಿ ಉಕ್ಕು ಹೆಸರಿಗೆ ಸ್ಟೇನ್‌ಲೆಸ್ಸೇ. ಉಪ್ಪುನೀರು ಒಳಹೊಕ್ಕು ಕೂತರೆ ಅದೂ ತುಕ್ಕು ಹಿಡಿಯುತ್ತದೆ. ತೆಳು ಎಣ್ಣೆ ಎಷ್ಟು ಬೇಗ ಹರಡುತ್ತದೋ ಅಷ್ಟೇ ಬೇಗ ತೊಳೆದೂ ಹೋಗುತ್ತದೆ. ಎಲ್ಲಕ್ಕಿಂತ ಮೊದಲು ಸಾಯುವುದು ಲೈನ್ ರೋಲರಿನ ಪುಟಾಣಿ ಬೇರಿಂಗ್, ಏಕೆಂದರೆ ಸಮುದ್ರದಿಂದ ಬರುವ ಪ್ರತಿ ಮಾರು ಒದ್ದೆ ದಾರವೂ ಅದರ ಮೇಲೆ ಹಾದೇ ಒಳಗೆ ಹೋಗಬೇಕು. ಹ್ಯಾಂಡಲನ್ನು ಎಷ್ಟು ತಟ್ಟಿದರೂ ಅದರ ಸ್ಥಿತಿ ತಿಳಿಯುವುದಿಲ್ಲ. ದಾರದ ಎಳೆತ ಇಲ್ಲದಾಗ ಅದು ತಿರುಗುವುದೇ ಇಲ್ಲವಲ್ಲ!

ಹಾಗಾದರೆ ಮನೆಯಲ್ಲಿರುವ ಎಣ್ಣೆಗಳ ಪಾಡೇನು? ಬಾಗಿಲ ಕೀಲಿನಿಂದ ತಲೆಗೂದಲವರೆಗೆ ಎಲ್ಲಕ್ಕೂ ಸಲ್ಲುವ ತೆಂಗಿನೆಣ್ಣೆ ಇಲ್ಲಿ ಸಲ್ಲದು. ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುವುದರಿಂದ ಮಾಗಿಯ ಮಲೆನಾಡಿನಲ್ಲಿ ಬೆಳಗಿನ ರೀಲು ಮೇಣವಾಗಿರುತ್ತದೆ. ತೇವ ತಾಗಿ ಕನರಿದರೆ ಅದರಲ್ಲಿ ಹುಟ್ಟುವ ಆಮ್ಲ ಹಿತ್ತಾಳೆಯ ಪಿನಿಯನ್ನಿಗೆ ಕಿಲುಬು ಹಿಡಿಸುತ್ತದೆ. ಡಬ್ಲ್ಯೂಡಿ-40 ಸ್ಪ್ರೇ ಬಗ್ಗೆ ಭಕ್ತರೂ ಇದ್ದಾರೆ, ಬೈಯುವವರೂ ಇದ್ದಾರೆ. 1953ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಅದನ್ನು ತಯಾರಿಸಿದ್ದು ನೀರನ್ನು ಹೊರದೂಡಲು. ರೀಲು ಸಮುದ್ರಕ್ಕೆ ಬಿದ್ದ ದಿನ ಅದು ದೇವರಂತೆ ಒದಗುತ್ತದೆ. ಆದರೆ ಅದರ ಬಹುಭಾಗ ಆವಿಯಾಗುವ ದ್ರಾವಕ. ವಾರಕ್ಕೊಮ್ಮೆ ಹೊಡೆಯುತ್ತಿದ್ದರೆ ಒಳಗಿನ ಗ್ರೀಸನ್ನೇ ಕರಗಿಸಿ ಹೊರಗೆ ತರುತ್ತದೆ. ಹೊಲಿಗೆ ಯಂತ್ರದ ಎಣ್ಣೆಗೆ ನನ್ನ ಮತವಿದೆ, ಒಂದು ಷರತ್ತಿನ ಮೇಲೆ. ಶುದ್ಧ, ಅಂಟಾಗದ, ಅಗ್ಗದ ಎಣ್ಣೆ ಅದು. ತುಕ್ಕು ತಡೆಯುವ ಮಿಶ್ರಣಗಳು ಅದರಲ್ಲಿ ಇಲ್ಲವೆಂದೇ ತಿಳಿದು ಬಳಸಬೇಕು. ಸಿಹಿನೀರಿಗೆ ಧಾರಾಳ ಸಾಕು. ಉಪ್ಪುನೀರಿಗೆ ಹೋದರೆ ಹನಿ ಹಾಕುವ ಕೆಲಸ ಪ್ರತಿಸಲದ್ದು. ರೀಲು ತಯಾರಕರೇ ಮಾರುವ ಎಣ್ಣೆ ಕೆಟ್ಟದೆಂದು ಹೇಳಲಾರೆ, ಆ ಬೆಲೆಯಲ್ಲಿ ಬಹುಪಾಲು ಸೀಸೆಯ ಸೂಜಿಮೂತಿಗೆ ಎನ್ನಬಲ್ಲೆ. ಆ ಸೂಜಿಮೂತಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಗೇರಿಗೆ ಗ್ರೀಸೇ ಬೇಕು, ಚರ್ಚೆಯಿಲ್ಲ. ಕಾರಿನ ಚಕ್ರಕ್ಕೆ ತುಂಬುವ, ಗಟ್ಟಿತನದ ಅಳತೆಯಲ್ಲಿ ಎರಡನೇ ದರ್ಜೆಯ ಗ್ರೀಸ್ ಸಣ್ಣ ರೀಲನ್ನು ಬಿಗಿ ಮಾಡುತ್ತದೆ. ಅದಕ್ಕಿಂತ ಮೆದುವಾದದ್ದು ಒಳ್ಳೆಯದು. ನೀರಿಗೆ ಜಗ್ಗದ ಕ್ಯಾಲ್ಸಿಯಂ ಬಗೆಯದಾದರೆ ಇನ್ನೂ ಒಳ್ಳೆಯದು. ಹಳೆಯದರ ಮೇಲೆ ಬೇರೆ ಜಾತಿಯ ಗ್ರೀಸ್ ಬಳಿದರೆ ಎರಡೂ ಸೇರಿ ನೀರಾಗುವುದುಂಟು, ಮೊದಲು ಒರೆಸಿ ತೆಗೆಯಬೇಕು.

ಕೈಗೆ ಸಿಕ್ಕಿದ್ದನ್ನು ಹಾಕಬಾರದ ಜಾಗಗಳ ವಿಷಯದಲ್ಲಿ ಉತ್ಸಾಹಿಗಳು ಹೆಚ್ಚು ಕೆಡಿಸುತ್ತಾರೆ. ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ಹಿಡಿಯುವ ಒನ್‌ವೇ ಕ್ಲಚ್ಚಿನೊಳಗೆ ಸಣ್ಣ ಉರುಳೆಗಳು ಕಚ್ಚಿಕೊಳ್ಳಬೇಕು. ಅಲ್ಲಿ ಗ್ರೀಸ್ ಮೆತ್ತಿದರೆ ಮೀನಿಗೆ ಕೊಕ್ಕೆ ನಾಟುವ ಗಳಿಗೆಯಲ್ಲೇ ಹ್ಯಾಂಡಲ್ ಹಿಂದಕ್ಕೆ ಜಾರಿ ಬೆರಳಿಗೆ ಬಡಿಯುತ್ತದೆ. ಮೀನು ಎಳೆದಾಗ ದಾರವನ್ನು ಹದವಾಗಿ ತಡೆದು ಬಿಡುವ ಡ್ರ್ಯಾಗಿನ ಬಿಲ್ಲೆಗಳಿಗೆ ಅದಕ್ಕೆಂದೇ ಮಾಡಿದ ಗ್ರೀಸ್ ಬಿಟ್ಟು ಬೇರೆ ಎಣ್ಣೆ ತಾಗಿದರೆ ದಾರ ಒಂದೇ ಹದದಲ್ಲಿ ಹೋಗದೆ ತಡೆತಡೆದು ಜಗ್ಗುತ್ತದೆ, ತುಂಡಾಗುತ್ತದೆ. ಡೈವಾ ಕಂಪನಿಯ ಮ್ಯಾಗ್‌ಸೀಲ್ಡ್ ರೀಲುಗಳದು ಬೇರೆಯೇ ಕಥೆ. 1960ರ ದಶಕದಲ್ಲಿ ನಾಸಾದಲ್ಲಿ ರಾಕೆಟ್ ಇಂಧನಕ್ಕಾಗಿ ಹುಟ್ಟಿದ ಕಾಂತೀಯ ದ್ರವದ ಬಗೆಯ ಎಣ್ಣೆಯೊಂದನ್ನು ಅಯಸ್ಕಾಂತ ಹಿಡಿದಿಟ್ಟು ಅಲ್ಲಿ ನೀರಿಗೆ ಗೋಡೆ ಕಟ್ಟುತ್ತದೆ. ಅದರ ಮೇಲೆ ನಾವು ಒಂದು ಹನಿ ಬಿಟ್ಟರೂ ಗೋಡೆ ಕದಡಿತು. ಬಿಚ್ಚಲೇಬಾರದೆಂದು ಕಂಪನಿಯೇ ಹೇಳುತ್ತದೆ. ಜಾಣ ತಂತ್ರ, ಒಪ್ಪುತ್ತೇನೆ. ಆದರೆ ರಿಪೇರಿಯನ್ನು ಊರಿನಲ್ಲೇ ಮುಗಿಸಬೇಕಾದವನಿಗೆ ಅದನ್ನು ಕೊಳ್ಳಿ ಎನ್ನಲು ನನಗೆ ಮನಸ್ಸಿಲ್ಲ.

ಇನ್ನು ತೊಳೆಯುವುದು. ಜೋರು ಪೈಪಿನ ನೀರು ಉಪ್ಪನ್ನು ಹೊರಗೆ ಕಳಿಸುವ ಬದಲು ಸಂದಿಯೊಳಕ್ಕೆ ನೂಕುತ್ತದೆ. ಡ್ರ್ಯಾಗ್ ಬಿಗಿ ಮಾಡಿ, ತಣ್ಣೀರು ಮೆಲ್ಲಗೆ ಹಾಯಿಸಿ, ಒರೆಸಿ, ನೆರಳಲ್ಲಿ ಒಣಗಿಸಿ, ಡ್ರ್ಯಾಗ್ ಸಡಿಲಿಸಿ, ಆಮೇಲೆ ಎಣ್ಣೆ. ಒದ್ದೆಯ ಮೇಲೆ ಹಾಕಿದ ಎಣ್ಣೆ ಉಪ್ಪುನೀರನ್ನು ಒಳಗೇ ಮುಚ್ಚಿಡುತ್ತದೆ. ಇಷ್ಟು ಮಾಡುವವನಿಗೆ ಅಗ್ಗದ ಎಣ್ಣೆಯೂ ನಡೆಯುತ್ತದೆ, ಮಾಡದವನ ರೀಲನ್ನು ಜಪಾನಿನ ಎಣ್ಣೆಯೂ ಉಳಿಸದು. ದುಬಾರಿ ಸೀಸೆಗೆ ತೆಗೆದಿಟ್ಟ ಹಣದಲ್ಲಿ ಲೈನ್ ರೋಲರಿಗೆ ಇನ್ನೊಂದು ಬೇರಿಂಗ್ ಕೊಂಡು ಪೆಟ್ಟಿಗೆಯಲ್ಲಿ ಹಾಕಿಟ್ಟುಕೊಳ್ಳಿ. ಮಳೆಗಾಲ ಮುಗಿಯುವುದರೊಳಗೆ ಅದು ಬೇಕಾಗುತ್ತದೆ.