ಬೂಟಿನ ಮೇಲೊಂದು ರಬ್ಬರ್ ಜೋಡು
ಊಟಿ ಬಳಿಯ ಅವಲಾಂಚ್‌ನಲ್ಲಿ 2019ರ ಆಗಸ್ಟ್‌ನಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಅಂಥ ಕಡೆ ಚರ್ಮದ ಬೂಟು ಒಮ್ಮೆ ನೆನೆದರೆ ಬೇಗ ಒಣಗದು, ಬೂಷ್ಟು ಹಿಡಿಯುತ್ತದೆ. ಬೂಟಿನ ಮೇಲೆಯೇ ತೊಡುವ ಹಳೆಯ ರಬ್ಬರ್ ಗಲೋಶ್‌ನ ಜಾಣತನ ಕಾಣುವುದು ಇಲ್ಲೇ: ನಡೆಯುವ ಕೆಲಸ ಬೂಟಿಗೆ, ನೀರು ತಡೆಯುವ ಕೆಲಸ ತನಗೆ. ಬಾಗಿಲಲ್ಲಿ ಕಳಚಿಟ್ಟರೆ ಕೆಸರೂ ಹೊರಗೇ ಉಳಿಯುತ್ತದೆ. ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ಗಂಧಕದ ಹದ ಇಲ್ಲದಿದ್ದರೆ ಈ ರಬ್ಬರ್ ಚಳಿಗೆ ಸೆಟೆದು, ಬಿಸಿಲಿಗೆ ಅಂಟಂಟಾಗುತ್ತಿತ್ತು.

ಒಳಗೆ ಕಾಲು ಬೆವರುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಉಣ್ಣೆಯ ಕಾಲುಚೀಲ ಬೆವರು ಹೀರಿಯೂ ಬೆಚ್ಚಗಿಡುತ್ತದೆ. ಆ ಮಳೆನೀರಿನ ಮುಂದೆ ಬೆವರು ಎಷ್ಟರದು! ಗಮ್‌ಬೂಟ್ ಸಾಲದೇ ಎನ್ನುವವರೂ ಉಂಟು. ಕ್ಯಾರೆಟ್ ಹೊಲದ ಕೆಸರಿಗೆ ಅದೇ ಸರಿ. ಬಸ್ಸು ಹತ್ತಿ ಊಟಿಯ ಕಚೇರಿಗೆ ಹೋಗುವವರಿಗೆ ಮಾತ್ರ, ಕಳಚಿ ಚೀಲಕ್ಕೆ ಹಾಕಿಕೊಳ್ಳಬಹುದಾದ ಗಲೋಶೇ ಮೇಲು.