ಶುಂಠಿ ಕಾಯುತ್ತದೆ, ಅನಾನಸ್ ಕಾಯುವುದಿಲ್ಲ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದಂಥ ತಾಲ್ಲೂಕುಗಳ ಪದವಿ ವಿದ್ಯಾರ್ಥಿಗಳ ಬಗ್ಗೆ ಒಂದು ಮಾತು ಬಳಕೆಯಲ್ಲಿದೆ: ಸರಕು ಸಾಗಣೆ, ಪೂರೈಕೆ ಸರಪಳಿಯಲ್ಲಿ ಬರುತ್ತಿರುವ ಹೊಸ ತಂತ್ರಜ್ಞಾನದ ಅರಿವು ಅವರಿಗಿಲ್ಲ, ಮೊದಲು ಅರಿವು ಮೂಡಿಸಬೇಕು. ಬ್ಲಾಕ್‌ಚೈನ್ ಗೊತ್ತೇ, ಡ್ರೋನ್ ಸಾಗಣೆ ಉಪಯುಕ್ತವೇ ಎಂದು ಪ್ರಶ್ನಾವಳಿ ಹಂಚಿ, ಬಂದ ಟಿಕ್ಕುಗಳನ್ನು ಎಣಿಸಿದರೆ ಹಾಗೇ ಕಾಣುತ್ತದೆ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಇಂಥ ಪ್ರಶ್ನಾವಳಿ ಅಳೆಯುವುದು ಪದಗಳ ಪರಿಚಯವನ್ನು, ವಿಷಯದ ಅರಿವನ್ನಲ್ಲ.

ಆ ವಿದ್ಯಾರ್ಥಿಯ ಮನೆ ನೋಡಿ. ದರ ಬಿದ್ದರೆ ಶುಂಠಿಯನ್ನು ಕೀಳದೆ ನೆಲದಲ್ಲೇ ಬಿಡುತ್ತಾರೆ. ಮುಂದೆ ಅದು ಹಳೆ ಶುಂಠಿಯೆಂದು ಬೇರೆ ದರಕ್ಕೆ ಹೋಗುತ್ತದೆ. ನೆಲವೇ ಅಲ್ಲಿ ಗೋದಾಮು. ಚೆನ್ನಾಗಿ ಒಣಗಿದ ಅಡಿಕೆ ಚೀಲದೊಳಗೆ ವರ್ಷ ಕಳೆದರೂ ಕೂರುತ್ತದೆ. ಮೆಕ್ಕೆಜೋಳ ಕಾಯಬೇಕಾದರೆ ತೇವಾಂಶ ಇಳಿಯಬೇಕು. ಬೆಂಬಲ ಬೆಲೆಯ ಖರೀದಿಗೆ ಶೇ 14ರ ಮಿತಿ. ಅದಕ್ಕೇ ರಸ್ತೆಯಂಚಿನಲ್ಲಿ ಕಾಳು ಹರವಿ, ಮೋಡ ನೋಡುತ್ತ, ಟಾರ್ಪಾಲು ಹಿಡಿದು ನಿಲ್ಲುವುದು. ಸೊರಬದ ಅನಾನಸ್‌ಗೆ ಆ ಸಾವಕಾಶವೂ ಇಲ್ಲ. ಹಣ್ಣು ಕೊಯ್ದ ಗಳಿಗೆಯಿಂದ ಉತ್ತರ ಭಾರತದ ಲಾರಿಗೆ ಓಟ. ನಾಲ್ಕು ಬೆಳೆ, ನಾಲ್ಕು ಗಡುವು. ಶುಂಠಿಯ ದರ 60 ಕೆ.ಜಿ. ಚೀಲಕ್ಕೆ, ಅಡಿಕೆಯದು ಕ್ವಿಂಟಲಿಗೆ ಎಂಬ ಲೆಕ್ಕವೂ ಹುಡುಗರ ಬಾಯಲ್ಲೇ ಇದೆ. ಪಠ್ಯಪುಸ್ತಕ ದಾಸ್ತಾನು ನಿರ್ವಹಣೆ ಎನ್ನುವುದು ಇದನ್ನೇ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಾಸನಗಳಲ್ಲಿ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘ ಬರುತ್ತದೆ. ದೂರದ ಪೇಟೆಗೆ ಸರಕು ಮುಟ್ಟಿಸುವ ವಿದ್ಯೆ ಈ ಸೀಮೆಗೆ ನಿನ್ನೆ ಮೊನ್ನೆ ಬಂದದ್ದಲ್ಲ.

ಹೊಸ ತಂತ್ರಜ್ಞಾನವೂ ಇವರ ಕಣ್ಣೆದುರೇ ಬಂದಿದೆ. ರಾಜ್ಯದ ಎಪಿಎಂಸಿಗಳಿಗೆ ಏಕೀಕೃತ ಆನ್‌ಲೈನ್ ಟೆಂಡರ್ 2014ರಲ್ಲಿ ಕಾಲಿಟ್ಟಿತು: ಮಾಲಿಗೆ ಲಾಟ್ ನಂಬರ್, ವರ್ತಕರಿಂದ ಕಂಪ್ಯೂಟರಿನಲ್ಲಿ ಬಿಡ್. 2016ರಲ್ಲಿ ಕೇಂದ್ರದ ಆನ್‌ಲೈನ್ ಮಾರುಕಟ್ಟೆ ಇ-ನಾಮ್, 2018ರಲ್ಲಿ ಸರಕು ಸಾಗಣೆಯ ಇ-ವೇ ಬಿಲ್ ಬಂದವು. ಇವನ್ನೆಲ್ಲ ಕಂಡ ಹುಡುಗಿಯೊಬ್ಬಳು, ‘ದರ ಮೊಬೈಲಲ್ಲಿ ಕಾಣ್ತದೆ ಸಾರ್, ಆದ್ರೆ ಮುಂಗಡ ಕೊಟ್ಟ ಮಂಡಿಗೇ ಮಾಲು ಹಾಕ್ಬೇಕಲ್ಲ’ ಎಂದರೆ ಪ್ರಶ್ನಾವಳಿ ಅದನ್ನು ನಕಾರಾತ್ಮಕ ಧೋರಣೆಯ ಕಾಲಮ್ಮಿಗೆ ತುಂಬುತ್ತದೆ. ನನಗೆ ಅದು ಪಕ್ಕಾ ವಿಮರ್ಶೆ. ದರ ಗೊತ್ತಾಗುವುದು ಬೇರೆ, ಆ ದರಕ್ಕೆ ಕಾಯುವ ತಾಕತ್ತು ಬೇರೆ. ಸಾಲ ಇರುವವನು ಕಾಯಲಾರ.

ಆ ತಾಕತ್ತು ಕೊಡಬಲ್ಲ ಒಂದು ವ್ಯವಸ್ಥೆ ಇದೆ. ನೋಂದಾಯಿತ ಗೋದಾಮಿನಲ್ಲಿ ಮೆಕ್ಕೆಜೋಳ ಇಟ್ಟು, ಅದರ ಎಲೆಕ್ಟ್ರಾನಿಕ್ ರಸೀದಿಯ ಮೇಲೆ ಬ್ಯಾಂಕಿನಿಂದ ಸಾಲ ಪಡೆದು, ದರ ಬಂದಾಗ ಮಾರುವುದು. 2007ರ ಉಗ್ರಾಣ ಕಾಯ್ದೆ ಇದಕ್ಕೆ ಬುನಾದಿ ಹಾಕಿತು, 2017ರಲ್ಲಿ ರಸೀದಿ ಎಲೆಕ್ಟ್ರಾನಿಕ್ ಆಯಿತು. ಡ್ರೋನಿನಷ್ಟು ಮೆರುಗು ಇದಕ್ಕಿಲ್ಲ, ಆದರೆ ರೈತನ ಮನೆಯ ಮಟ್ಟಿಗೆ ಡ್ರೋನಿಗಿಂತ ದೊಡ್ಡ ಆವಿಷ್ಕಾರ ಇದೇ.

ಮನೆಯ ಅನುಭವವೊಂದೇ ಸಾಕು ಎಂದು ನಾನು ಹೇಳುತ್ತಿಲ್ಲ. ಒಂದು ಲೋಡಿನ ಬಾಡಿಗೆ, ಹಮಾಲಿ, ಸವಕಳಿ ಸೇರಿಸಿ ಕೆ.ಜಿ.ಗೆ ಎಷ್ಟು ಬಿತ್ತೆಂದು ಲೆಕ್ಕ ಹಾಕುವುದು, ಟೆಂಡರಿನ ಅಂಕಿಗಳನ್ನು ವಾರವಾರ ಜೋಡಿಸಿ ಓದುವುದು, ಗೋದಾಮಿನ ಕಾನೂನು ಬಿಡಿಸುವುದು, ಇವೆಲ್ಲ ತರಗತಿಯಲ್ಲೇ ಕಲಿಯಬೇಕಾದವು. ವಿದ್ಯಾರ್ಥಿಗಳಲ್ಲೂ ಒಂದು ಕೊರತೆ ಇದೆ: ಲಾಜಿಸ್ಟಿಕ್ಸ್ ಎಂದರೆ ಬೆಂಗಳೂರಿನ ಪಾರ್ಸೆಲ್ ಗೋದಾಮು ಎಂದುಕೊಂಡು, ಅಪ್ಪ ಲಾರಿಗೆ ಶುಂಠಿ ಹೇರುವುದನ್ನು ಅದರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಗೆರೆ ಎಳೆದದ್ದು ನಮ್ಮ ಪಠ್ಯಕ್ರಮ.

ಎರಡೂ ತಾಲ್ಲೂಕಿನ ವಾಣಿಜ್ಯ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ಈ ಸುಗ್ಗಿಗೆ ಪ್ರಶ್ನಾವಳಿ ಬದಿಗಿಡಿ. ಪ್ರತಿ ವಿದ್ಯಾರ್ಥಿಯೂ ಮನೆಯ ಒಂದು ಚೀಲದ ಬೆನ್ನುಹತ್ತಿ, ಅದು ಕೈ ಬದಲಿಸಿದಲ್ಲೆಲ್ಲ ತೂಕ ಮತ್ತು ದರ ಬರೆದು ತರಲಿ. ಅಂಕ ಅದಕ್ಕೆ ಕೊಡಿ.